ಕೂಸಿಗೆ ಕಡಲೆಕಾಯಿ: ದೂರ ಇಡುವುದಲ್ಲ, ಒಗ್ಗಿಸುವುದು

ಚಾಮರಾಜನಗರ, ಗುಂಡ್ಲುಪೇಟೆ ಸುತ್ತಿನ ಮಳೆಯಾಶ್ರಿತ ಹೊಲಗಳಲ್ಲಿ ಕಡಲೆಕಾಯಿ ಬೆಳೆಯುತ್ತಾರೆ. ಕಾಯಿ ಸುಲಿದ ಮನೆಯಲ್ಲಿ ಅದರ ಪುಡಿ ಕೈಗೆ, ಚಾಪೆಗೆ, ಕೂಸಿನ ಮೈಗೂ ಅಂಟುತ್ತದೆ. ಅಲರ್ಜಿಯ ಭಯದಿಂದ ಕೂಸಿಗೆ ತಿನ್ನಿಸದಿದ್ದರೆ ಬಾಯಿಗೆ ತಪ್ಪುತ್ತದೆಯೇ ಹೊರತು ಚರ್ಮಕ್ಕೆ ತಪ್ಪುವುದಿಲ್ಲ. ತೊಂದರೆ ಇರುವುದೇ ಇಲ್ಲಿ. ಕರುಳಿನ ಮೂಲಕ ಬಂದ ಪ್ರೋಟೀನಿನ ಮೇಲೆ ರೋಗನಿರೋಧಕ ವ್ಯವಸ್ಥೆ ಹರಿಹಾಯದಂತೆ ನಿಯಂತ್ರಕ ಟಿ-ಕೋಶಗಳು ತಡೆಯುತ್ತವೆ. ಈ ಕೋಶಗಳ ಕುರಿತ ಸಂಶೋಧನೆಗೇ 2025ರ ವೈದ್ಯಕೀಯ ನೊಬೆಲ್ ಸಂದಿತು. ಅದೇ ಪ್ರೋಟೀನು ಒಡೆದ ಚರ್ಮದ ಮೂಲಕ ಮೊದಲು ಒಳಹೊಕ್ಕರೆ ಅಲರ್ಜಿ ತರುವ ಐಜಿಇ ಪ್ರತಿಕಾಯ ಹುಟ್ಟುವ ಸಂಭವ ಹೆಚ್ಚು. ಬೇಗ ತಿನ್ನಿಸಿದರೆ ಅಲರ್ಜಿ ತಗ್ಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಲಂಡನ್ನಿನ ‘ಲೀಪ್’ ಅಧ್ಯಯನ (2015). ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳನ್ನು ಐದು ವರ್ಷ ತುಂಬುವವರೆಗೆ ಗಮನಿಸಿದಾಗ, ಮೊದಲ ವರ್ಷದಿಂದಲೇ ಕಡಲೆಕಾಯಿ ತಿಂದವರಲ್ಲಿ ಅದರ ಅಲರ್ಜಿ ಸುಮಾರು ಶೇ 80ರಷ್ಟು ಕಡಿಮೆ ಇತ್ತು.

ಹೆಜ್ಜೆ 1: ಆರು ತಿಂಗಳು ತುಂಬಿ, ಕತ್ತು ನಿಂತು, ರಾಗಿ ಸರಿ ರೂಢಿಯಾಗಿರಲಿ. ತೀವ್ರ ಇಸುಬು ಇದ್ದರೆ, ಯಾವುದಾದರೂ ಆಹಾರಕ್ಕೆ ಈಗಾಗಲೇ ಅಲರ್ಜಿ ಕಂಡಿದ್ದರೆ, ಮಕ್ಕಳ ವೈದ್ಯರನ್ನು ಕೇಳದೆ ಮನೆಯಲ್ಲಿ ಶುರುಮಾಡಬೇಡಿ.

ಹೆಜ್ಜೆ 2: ಚರ್ಮ ಒಡೆಯದಂತೆ ನೋಡಿಕೊಳ್ಳಿ. ಇಸುಬು ಎದ್ದ ಮೈಗೆ ಕಡಲೆಹಿಟ್ಟು ಹಚ್ಚಿ ತಿಕ್ಕುವುದು, ಕಡಲೆಕಾಯಿ ಎಣ್ಣೆ ನೀವುವುದು ಬೇಡ.

ಹೆಜ್ಜೆ 3: ಬೂಷ್ಟು ಹಿಡಿಯದ ಬೀಜ ಹುರಿದು, ಸಿಪ್ಪೆ ಉಜ್ಜಿ ತೂರಿ, ತರಿ ಉಳಿಯದಂತೆ ಪುಡಿಮಾಡಿ ಸರಿಯಲ್ಲಿ ಕಲಸಿ. ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಕೊಡಲೇಬೇಡಿ. ಮಗು ಆರೋಗ್ಯವಾಗಿರುವ ದಿನ, ಬೆಳಗಿನ ಹೊತ್ತು, ಚಮಚದ ತುದಿಯಷ್ಟು ಕೊಟ್ಟು ಹತ್ತು ನಿಮಿಷ ಕಾಯಿರಿ. ಉಳಿದದ್ದನ್ನು ತಿನ್ನಿಸಿ ಎರಡು ಗಂಟೆ ಗಮನಿಸಿ. ದದ್ದು, ತುಟಿ ಊತ, ವಾಂತಿ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ, ಮಗು ಸೋತುಬಿದ್ದರೆ ಕೂಡಲೇ 108ಕ್ಕೆ ಕರೆಮಾಡಿ.

ಹೆಜ್ಜೆ 4: ಒಗ್ಗಿತೆಂದು ಬಿಡಬೇಡಿ. ಎರಡು ಟೀ ಚಮಚದವರೆಗೆ ಏರಿಸಿ, ವಾರಕ್ಕೆ ಎರಡು ಮೂರು ಸಲ ಕೊಡುತ್ತಿರಿ. ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಕೆಲವು ದಿನ ಬಿಟ್ಟು ಇದೇ ರೀತಿ ಶುರುಮಾಡಿ.

ಆರು ತಿಂಗಳು ತಾಯಿಹಾಲು ಮಾತ್ರ ಎಂಬ ಸಲಹೆಗೆ ಇದು ವಿರುದ್ಧವಲ್ಲವೇ ಎನ್ನಬಹುದು. ಅಲ್ಲ, ಲೀಪ್‌ಗೆ ಸೇರಿದ ಕೂಸುಗಳ ವಯಸ್ಸು 4ರಿಂದ 11 ತಿಂಗಳು, ಆರು ತುಂಬಿದ ಮೇಲೂ ಹೊತ್ತು ಮೀರಿರುವುದಿಲ್ಲ. ಮೊದಲು ಐಜಿಇ ರಕ್ತಪರೀಕ್ಷೆ ಮಾಡಿಸಿದರೆ ಒಳ್ಳೆಯದಲ್ಲವೇ ಎಂಬುದು ಇನ್ನೊಂದು ಮಾತು. ಕರ್ನಾಟಕದ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಯೂರೋಪ್ರಿವಾಲ್ ಅಧ್ಯಯನದಲ್ಲಿ ಆಹಾರಕ್ಕೆ ಐಜಿಇ ಇದ್ದವರು ಶೇ 26.5, ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ. ಪ್ರತಿಕಾಯ ಇದ್ದೂ ಹೆಚ್ಚಿನವರಿಗೆ ಊಟ ಒಗ್ಗಿದೆ. ಹಾಗಾಗಿ ತಿಂದು ಏನೂ ಆಗದ ಮಗುವಿನ ತಟ್ಟೆಯಿಂದ ಬರೀ ವರದಿ ನೋಡಿ ಕಡಲೆಕಾಯಿ ತೆಗೆಯಬೇಡಿ. ತಿಂದಾಗ ತೊಂದರೆ ಕಂಡಿದ್ದರೆ, ಇಲ್ಲವೇ ಹೆಜ್ಜೆ 1ರಲ್ಲಿ ಹೇಳಿದ ಮಕ್ಕಳಿಗೆ ವೈದ್ಯರು ಬೇಕೆಂದರೆ ಮಾತ್ರ ಪರೀಕ್ಷೆಗೆ ಅರ್ಥ.