ಬಿದ್ದ ಮಗುವಿನ ಕೈ, ಕುಂಟುವ ಮಗುವಿನ ಸೊಂಟ

ತಂಗೀ, ಮಳೆ ಹಿಡಿಯಿತು, ಅಂಗಳದಲ್ಲಿ ಹಾವಸೆ ಕಟ್ಟಿತು. ಇನ್ನು ಮಕ್ಕಳು ಜಾರಿ ಬೀಳುವ ಕಾಲ. ನಾಲ್ಕು ಮಾತು ಹೇಳುತ್ತೇನೆ, ಕೇಳು.

• ಮಕ್ಕಳು ಕೈಯೂರಿಯೇ ಬೀಳುತ್ತವೆ. ಮುರಿಯುವುದು ಹೆಚ್ಚಾಗಿ ಮಣಿಕಟ್ಟಿನ ಹತ್ತಿರ, ಇಲ್ಲವೇ ಮೊಣಕೈ ಮೇಲೆ. ಎಳೆ ಮೂಳೆ ಹಸಿ ಕಡ್ಡಿಯ ಹಾಗೆ, ಒಂದು ಮಗ್ಗುಲು ಸೀಳಿ ಇನ್ನೊಂದು ಮಗ್ಗುಲು ಬಾಗುತ್ತದೆ. ಮಗು ಬೆರಳು ಆಡಿಸಿತು ಎಂದ ಮಾತ್ರಕ್ಕೆ ಮುರಿದಿಲ್ಲ ಅಂದುಕೊಳ್ಳಬೇಡ.

• ಎಣ್ಣೆ ಹಚ್ಚಿ ತಿಕ್ಕಬೇಡ, ಎಳೆದು ನೆಟ್ಟಗೆ ಮಾಡಲೂ ಹೋಗಬೇಡ. ಅಡಕೆ ಹಾಳೆ ಮನೆಯಲ್ಲೇ ಇದೆಯಲ್ಲ! ಒಳಗೆ ಮೆತ್ತನೆ ಬಟ್ಟೆಯಿಟ್ಟು, ಕೈ ಇದ್ದ ಹಾಗೆಯೇ ಆನಿಸಿ, ಸಡಿಲವಾಗಿ ಕಟ್ಟು. ಬೆರಳ ತುದಿ ಕಾಣುತ್ತಿರಲಿ. ಆಮೇಲೆ ಸೀದಾ ತಾಲ್ಲೂಕು ಆಸ್ಪತ್ರೆ. ಗಾಡಿ ಇಲ್ಲದಿದ್ದರೆ 108.

• ನಾಟಿ ಕಟ್ಟು ಕಟ್ಟುವವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಮಕ್ಕಳ ಮೊಣಕೈ ಅವರ ಕೈಗೆ ಕೊಡಬೇಡ. ಬಿದಿರ ದಬ್ಬೆ ಬಿಗಿದ ಮೇಲೆ ಒಳಗೆ ಬಾವು ಏರಿದರೆ ರಕ್ತ ಓಡುವುದಿಲ್ಲ. ಬೆರಳು ತಣ್ಣಗಾಗಿ, ನೀಲಿಯಾಗಿ, ಜುಮುಗುಟ್ಟಿದರೆ ಕೆಲವೇ ಗಂಟೆಗಳಲ್ಲಿ ಕೈ ಕೆಡುತ್ತದೆ. ಆಸ್ಪತ್ರೆಯ ಪ್ಲಾಸ್ಟರಿಗೂ ಇದೇ ಮಾತು. ಬೆಳಗಾಗಲಿ ಅನ್ನಬೇಡ, ರಾತ್ರಿಯೇ ಹೊರಡು.

• ಸಂಕ ದಾಟಿಸುವಾಗ ಪುಟ್ಟ ಮಗುವನ್ನು ಒಂದೇ ಕೈಹಿಡಿದು ಜಗ್ಗಬೇಡ, ಮೊಣಕೈ ಕೀಲು ಜಾರೀತು. ಬೈಕಿನ ಹಿಂದೆ ಕೂತ ಮಗುವಿನ ಕಾಲು ಚಕ್ರದ ಕಡ್ಡಿಗೆ ಸಿಗದಂತೆ ಕಾಪು ಹಾಕಿಸು.

• ನಮ್ಮದು ಅನ್ನದ ಊರು, ಆದರೆ ಮೂಳೆ ಗಟ್ಟಿಯಾಗಲು ಅನ್ನವೊಂದೇ ಸಾಲದು. 100 ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು, ರಾಗಿಯಲ್ಲಿ 350ರ ಹತ್ತಿರ. ರಾಗಿ ಅಂಬಲಿ, ಎಳ್ಳು, ಮೊಸರು, ತಿನ್ನುವವರಿಗೆ ಮುಳ್ಳು ಸಮೇತ ಸಣ್ಣ ಮೀನು. 2013ರಿಂದ ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಕೊಡುತ್ತಾರೆ, ಮಗು ಕುಡಿಯಿತೇ ಎಂದು ಕೇಳು. ಬಿಸಿಲು ಬಂದ ದಿನ ಹೊರಗೆ ಬಿಡು.

• ಜ್ವರದ ಜೊತೆ ಕೀಲು ನೋವು ಬಂದು ಮಗು ಕಾಲೂರದಿದ್ದರೆ ಅದೇ ದಿನ ವೈದ್ಯರು ನೋಡಬೇಕು.

• ಬೀಳದೆಯೂ ಸೊಂಟ, ಮಂಡಿ ನೋಯುತ್ತಿದ್ದರೆ, ನಡಿಗೆ ಓಲಾಡಿದರೆ, ಎತ್ತರ ಏರದಿದ್ದರೆ, ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಹಂದಿಗೋಡು ಕಾಯಿಲೆ ನೆನಪಾಗಲೇಬೇಕು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕಂಡ ರೋಗ; ದಲಿತ ಕೂಲಿ ಕುಟುಂಬಗಳೇ ಹೆಚ್ಚು ನೊಂದವು. ಗದ್ದೆಯ ಏಡಿ ತಿಂದದ್ದಕ್ಕೆ, ಗದ್ದೆಗೆ ಕೀಟದ ಔಷಧ ಹೊಡೆದದ್ದಕ್ಕೆ ಬಂತು ಎಂದು ಆಗ ಅನುಮಾನಿಸಿದ್ದರು. ಇದು ವಂಶದಲ್ಲಿ ಇಳಿದು ಬರುವುದೆಂದು ಆಮೇಲಿನ ಸಂಶೋಧನೆ ಹೇಳಿತು: ತಂದೆತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮುಟ್ಟಿದರೆ ಅಂಟುವುದಿಲ್ಲ, ಶಾಪವೂ ಅಲ್ಲ. ಹೆತ್ತವಳನ್ನು ದೂರುವ ಬಾಯಿ ಮುಚ್ಚಿಸು. ಬುಡಸಮೇತ ವಾಸಿ ಮಾಡುವ ಮದ್ದಿಲ್ಲ; ನೋವಿಗೆ ಔಷಧ, ವ್ಯಾಯಾಮ, ಬೇಕಾದರೆ ಶಸ್ತ್ರಚಿಕಿತ್ಸೆ ಇದೆ. ಮನೆತನದಲ್ಲಿ ಯಾರಿಗಾದರೂ ಇದ್ದರೆ ಮುಚ್ಚಿಡಬೇಡ. ಆಶಾ ಕಾರ್ಯಕರ್ತೆಗೆ ಹೇಳು, ಮಗುವಿನ ಸೊಂಟದ ಎಕ್ಸ್‌ರೇ ತೆಗೆಸಿ ಮೂಳೆ ತಜ್ಞರಿಗೆ ತೋರಿಸು.