ಭಗೋಷ್ಠ ಶಸ್ತ್ರಚಿಕಿತ್ಸೆ: ಒಪ್ಪಿಗೆ ನೀಡುವ ಮುನ್ನ ತಿಳಿದಿರಬೇಕಾದುದು

ಸ್ತ್ರೀಯರ ಯೋನಿದ್ವಾರದ ಇಕ್ಕೆಲಗಳಲ್ಲಿ ಎರಡು ಜೊತೆ ಚರ್ಮದ ಮಡಿಕೆಗಳಿರುತ್ತವೆ. ಹೊರಗಿನವು ಹಿರಿಯ ಭಗೋಷ್ಠಗಳು. ಒಳಗಿನ ತೆಳುವಾದ ಮಡಿಕೆಗಳು ಕಿರಿಯ ಭಗೋಷ್ಠಗಳು. ಕಿರಿಯ ಭಗೋಷ್ಠಗಳ ಒಂದು ಭಾಗವನ್ನು ಕತ್ತರಿಸಿ ಗಾತ್ರ ತಗ್ಗಿಸುವ ಕ್ರಮಕ್ಕೆ ಲೇಬಿಯಾಪ್ಲಾಸ್ಟಿ ಎಂದು ಹೆಸರು. ಸಂಕೋಚದ ಕಾರಣದಿಂದ ಈ ವಿಷಯ ಮನೆಗಳಲ್ಲಿ ಚರ್ಚೆಗೆ ಬರುವುದು ವಿರಳ. ಹೀಗಾಗಿ ಜಾಹೀರಾತಿನ ಮಾತೇ ಕೆಲವರಿಗೆ ಮೊದಲ ತಿಳಿವಳಿಕೆಯಾಗುತ್ತದೆ.

ಸಹಜ ರಚನೆ

ಈ ಅಂಗಕ್ಕೆ ನಿಗದಿತ ಅಳತೆಯೆಂಬುದಿಲ್ಲ. 2005ರಲ್ಲಿ ಬ್ರಿಟನ್ನಿನಲ್ಲಿ 50 ಮಂದಿ ಸ್ತ್ರೀಯರನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಕಿರಿಯ ಭಗೋಷ್ಠಗಳ ಅಗಲವು 7ರಿಂದ 50 ಮಿಲಿಮೀಟರಿನವರೆಗೆ ಇದ್ದುದು ಕಂಡುಬಂದಿತು. ಒಂದು ಬದಿ ದೊಡ್ಡದಾಗಿ ಇನ್ನೊಂದು ಚಿಕ್ಕದಾಗಿರುವುದು, ಹೊರಗೆ ಕಾಣುವುದು, ಬಣ್ಣ ಗಾಢವಾಗಿರುವುದು ಯಾವುದೂ ರೋಗಲಕ್ಷಣವಲ್ಲ. ಹರೆಯದಲ್ಲಿ ಬೆಳವಣಿಗೆ ಇನ್ನೂ ನಡೆಯುತ್ತಿರುತ್ತದೆ. ಆದ್ದರಿಂದಲೇ 18 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಬಾರದೆಂದು ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2013ರಲ್ಲಿ ಅಭಿಪ್ರಾಯಪಟ್ಟಿತು.

ಅಗತ್ಯ ಬೀಳುವ ಸಂದರ್ಭ

ನಡೆಯುವಾಗ, ಸೈಕಲ್ ತುಳಿಯುವಾಗ ಅಥವಾ ಸಂಭೋಗದ ವೇಳೆ ಮಡಿಕೆಗಳು ಉಜ್ಜಿ ನಿರಂತರ ನೋವಾಗುತ್ತಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ತುರಿಕೆ, ಉರಿ, ಬಿಳಿಸೆರಗು ಇದ್ದಲ್ಲಿ ಕಾರಣ ಸೋಂಕು ಅಥವಾ ಚರ್ಮರೋಗವಿರಬಹುದು. ಅದಕ್ಕೆ ಔಷಧವೇ ಚಿಕಿತ್ಸೆ. ಸಡಿಲವಾದ ಹತ್ತಿಯ ಒಳಉಡುಪು ಧರಿಸುವುದು, ಸುಗಂಧದ ಸಾಬೂನು ಬಿಡುವುದು, ಉಜ್ಜುವ ಜಾಗಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರುವುದು ಇವುಗಳಿಂದಲೇ ಅನೇಕರಿಗೆ ಉಪಶಮನ ದೊರೆಯುತ್ತದೆ.

ವಿಧಾನ ಮತ್ತು ಅಪಾಯಗಳು

ಅಂಚನ್ನು ಕತ್ತರಿಸಿ ಹೊಲಿಯುವುದು ಒಂದು ವಿಧಾನ. ನಡುವಿನಿಂದ ತ್ರಿಕೋನಾಕಾರದ ತುಂಡನ್ನು ತೆಗೆದು ಅಂಚುಗಳನ್ನು ಕೂಡಿಸುವುದು ಇನ್ನೊಂದು. ಸ್ಥಳೀಯ ಅಥವಾ ಪೂರ್ಣ ಅರಿವಳಿಕೆ ನೀಡಿ, ತಾನಾಗಿ ಕರಗುವ ದಾರದಿಂದ ಹೊಲಿಗೆ ಹಾಕುತ್ತಾರೆ. ಊತ ಇಳಿಯಲು ಹಲವು ವಾರಗಳು ಬೇಕು. ಸುಮಾರು ಆರು ವಾರಗಳವರೆಗೆ ಸಂಭೋಗ ಹಾಗೂ ಸೈಕಲ್ ಸವಾರಿ ವರ್ಜ್ಯ.

ರಕ್ತಸ್ರಾವ, ಸೋಂಕು, ಹೊಲಿಗೆ ಬಿಚ್ಚಿಕೊಳ್ಳುವುದು, ಗಾಯದ ಕಲೆ ಇವು ಸಂಭವನೀಯ ತೊಂದರೆಗಳು. ಈ ಭಾಗದಲ್ಲಿ ನರತಂತುಗಳು ಹೇರಳವಾಗಿರುವುದರಿಂದ ಸ್ಪರ್ಶಜ್ಞಾನ ಕುಂದಬಹುದು ಅಥವಾ ನೋವು ಶಾಶ್ವತವಾಗಿ ಉಳಿಯಬಹುದು. ಕತ್ತರಿಸಿದ ಭಾಗವನ್ನು ಮೊದಲಿನಂತೆ ಮರಳಿ ಪಡೆಯಲಾಗದು. ಜ್ವರ, ಹೆಚ್ಚುವ ನೋವು, ದುರ್ವಾಸನೆಯ ಸ್ರಾವ ಕಂಡುಬಂದಲ್ಲಿ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

ರೋಗಿಯ ಹಕ್ಕುಗಳು

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಂತೆ, ಚಿಕಿತ್ಸೆಯ ವಿವರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಮುಂಬಯಿ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗ ಮಹಿಳೆ ಅಲ್ಲಿನ ಭಾಷೆಯ ಒಪ್ಪಿಗೆ ಪತ್ರ ಅರ್ಥವಾಗದಿದ್ದರೆ ಸಹಿ ಹಾಕದೆ, ವಿವರಣೆ ಕೇಳಬಹುದು. ಪುರುಷ ವೈದ್ಯರು ಪರೀಕ್ಷಿಸುವಾಗ ಮಹಿಳೆಯೊಬ್ಬರು ಜೊತೆಗಿರುವುದೂ, ಬೇರೆ ವೈದ್ಯರ ಅಭಿಪ್ರಾಯ ಪಡೆಯುವುದೂ ಆಕೆಯ ಹಕ್ಕು. ಒಂದು ಕ್ರಮಕ್ಕೆ ಪಡೆದ ಒಪ್ಪಿಗೆ ಇನ್ನೊಂದು ಶಸ್ತ್ರಚಿಕಿತ್ಸೆಗೆ ಸಲ್ಲದೆಂದು ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿದೆ.

ಕೇವಲ ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಆರೋಗ್ಯ ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲ. ಪತಿಯಾಗಲಿ ಬಂಧುಗಳಾಗಲಿ ಒತ್ತಾಯಿಸಿದರೆಂದು ಇದಕ್ಕೆ ಒಳಗಾಗಬೇಕಿಲ್ಲ. ನೋವಿದ್ದರೆ ಚಿಕಿತ್ಸೆಯುಂಟು, ನೋವಿಲ್ಲದ ಸಹಜ ಅಂಗಕ್ಕೆ ಕತ್ತರಿಯ ಅಗತ್ಯವಿಲ್ಲ.