ಸರಕೆನಿಸಿದ ಮನುಷ್ಯರು: ಜಾಂಗ್ ನೌಕೆಯ ವ್ಯಾಜ್ಯ

ಜಾಂಗ್ ಎಂಬ ಇಂಗ್ಲಿಷ್ ಹಡಗಿನ ಮೇಲೆ 1781ರಲ್ಲಿ ನಡೆದ ನರಹತ್ಯೆಯು ಲೋಕಕ್ಕೆ ತಿಳಿದುದು, ಅದರ ಒಡೆಯರು ವಿಮೆಯ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದುದರಿಂದ. ಅವರು ಸುಮ್ಮನಿದ್ದಿದ್ದರೆ ಆ ಸಾವುಗಳು ಸಮುದ್ರದಲ್ಲಿಯೇ ಅಡಗಿಹೋಗುತ್ತಿದ್ದವು. ಆಫ್ರಿಕದ ಕರಾವಳಿಯಿಂದ ಅಮೆರಿಕ ಖಂಡಗಳಿಗೂ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಿಗೂ ಸುಮಾರು ನಾಲ್ಕು ಶತಮಾನಗಳಲ್ಲಿ ಹಡಗೇರಿಸಲ್ಪಟ್ಟವರು 1 ಕೋಟಿ 25 ಲಕ್ಷದಷ್ಟು ಜನ. ದಾರಿಯಲ್ಲಿ ಸತ್ತವರು ಲಕ್ಷಾಂತರ. ಅವರಲ್ಲಿ ಬಹುಮಂದಿಯ ಹೆಸರು ಯಾವ ಕಡತದಲ್ಲಿಯೂ ಇಲ್ಲ.

ಈ ಹಡಗು ಮೊದಲು ಡಚ್ಚರದು. ಆಗಿನ ಹೆಸರು ‘ಜಾರ್ಗ್’. ಅವರ ಭಾಷೆಯಲ್ಲಿ ಆ ಪದಕ್ಕೆ ‘ಆರೈಕೆ’ ಎಂಬ ಅರ್ಥವುಂಟು. ಶಬ್ದಕ್ಕೂ ಅರ್ಥಕ್ಕೂ ಇಷ್ಟು ಕ್ರೂರವಾದ ವಿಯೋಗವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಯುದ್ಧದಲ್ಲಿ ಸೆರೆಸಿಕ್ಕ ಇದನ್ನು ಲಿವರ್‌ಪೂಲಿನ ವಿಲಿಯಂ ಗ್ರೆಗ್‌ಸನ್ ಮತ್ತು ಅವನ ಪಾಲುದಾರರ ಪರವಾಗಿ ಕೊಳ್ಳಲಾಯಿತು. ಕಪ್ತಾನನಾದ ಲೂಕ್ ಕಾಲಿಂಗ್‌ವುಡ್ ಹಿಂದೆ ಹಡಗಿನ ವೈದ್ಯನಾಗಿದ್ದವನು. ಆಗಸ್ಟ್ ತಿಂಗಳಲ್ಲಿ ಅಕ್ರಾದಿಂದ ಹೊರಟಾಗ ಹಡಗಿನೊಳಗೆ 442 ಮಂದಿ ಆಫ್ರಿಕನ್ನರಿದ್ದರು. ಆ ಗಾತ್ರದ ಹಡಗು ಸಾಮಾನ್ಯವಾಗಿ ಒಯ್ಯುತ್ತಿದ್ದುದರ ಹೆಚ್ಚುಕಡಮೆ ಎರಡರಷ್ಟು. ರೋಗ ಹಬ್ಬಿತು. ಜಮೈಕಾ ದ್ವೀಪವನ್ನು ಬೇರೊಂದು ದ್ವೀಪವೆಂದು ಭ್ರಮಿಸಿ ಹಡಗು ಮುಂದೆ ಸಾಗಿಬಿಟ್ಟಿತು. ಕುಡಿಯುವ ನೀರು ಸಾಲದೆಂಬ ನೆಪವೊಡ್ಡಿ ನವೆಂಬರ್ 29ರಂದು ಹೆಂಗಸರು ಮಕ್ಕಳೆನ್ನದೆ 54 ಮಂದಿಯನ್ನು ಕಡಲಿಗೆ ನೂಕಿದರು. ಡಿಸೆಂಬರ್ 1ರಂದು 42 ಗಂಡಸರು. ಆಮೇಲೆ ಮತ್ತೆ 36 ಮಂದಿ. ಬೇರೆ 10 ಮಂದಿ, ನೂಕಿಸಿಕೊಳ್ಳಲೊಲ್ಲದೆ, ತಾವಾಗಿಯೇ ಹಾರಿದರೆಂದು ವರದಿ. ಈ ನಡುವೆ ಮಳೆ ಬಂದಿತ್ತು. ಡಿಸೆಂಬರ್ 22ರಂದು ಜಮೈಕಾ ತಲಪಿದಾಗ ಹಡಗಿನಲ್ಲಿ 420 ಗ್ಯಾಲನ್ ನೀರು ಉಳಿದಿತ್ತು.

ಹೀಗೇಕೆ ಮಾಡಿದರು? ಉತ್ತರವು ವಿಮಾಪತ್ರದಲ್ಲಿದೆ. ಗುಲಾಮನು ರೋಗದಿಂದ ಸತ್ತರೆ ಆ ನಷ್ಟ ಒಡೆಯನದು. ಹಡಗನ್ನು ಉಳಿಸುವ ಅನಿವಾರ್ಯಕ್ಕೆ ಸರಕನ್ನು ಎಸೆದರೆ ನಷ್ಟ ವಿಮೆಗಾರರದು. ತಲೆಗೆ 30 ಪೌಂಡು. ಸಾಯಲಿರುವವನನ್ನು ಮೊದಲೇ ಮುಳುಗಿಸಿದರೆ ಅವನ ಬೆಲೆ ಮರಳಿ ಬರುವುದೆಂಬ ಲೆಕ್ಕವನ್ನು ಕಾನೂನೇ ಕಲಿಸಿಕೊಟ್ಟಂತಾಯಿತು.

1783ರ ಮಾರ್ಚಿಯಲ್ಲಿ ಲಂಡನ್ನಿನ ಪಂಚರು ಒಡೆಯರ ಪರವಾಗಿ ತೀರ್ಮಾನವಿತ್ತರು. ವಿಮೆಗಾರರು ಮರುವಿಚಾರಣೆ ಬೇಡಿದರು. ಮೇ ತಿಂಗಳಲ್ಲಿ ಅದನ್ನು ಆಲಿಸಿದ ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್, ಪಂಚರ ಕಣ್ಣಿಗೆ ಇದು ಕುದುರೆಗಳನ್ನು ಕಡಲಿಗೆಸೆದುದಕ್ಕಿಂತ ಬೇರೆಯಾಗಿ ತೋರಲಿಲ್ಲವೆಂದು ನುಡಿದನು. ಸಾಮರ್‌ಸೆಟ್ ಎಂಬ ಗುಲಾಮನನ್ನು ಇಂಗ್ಲೆಂಡಿನಿಂದ ಬಲಾತ್ಕಾರವಾಗಿ ಹೊರಗೊಯ್ಯಲಾಗದೆಂದು 1772ರಲ್ಲಿ ತೀರ್ಪಿತ್ತವನೂ ಈತನೇ ಎಂಬುದನ್ನು ಮರೆಯಲಾಗದು. ಮಳೆಯ ಸಂಗತಿ ಹೊರಬಿದ್ದು ಅನಿವಾರ್ಯದ ವಾದವು ಸಡಿಲವಾದುದರಿಂದ ಮರುವಿಚಾರಣೆಗೆ ಅಪ್ಪಣೆಯಾಯಿತು. ಅದು ನಡೆದುದಕ್ಕೆ ದಾಖಲೆಯಿಲ್ಲ. ಕೊಲೆಯ ಆಪಾದನೆಯ ಮೇಲೆ ಒಬ್ಬನನ್ನೂ ಕಟಕಟೆಯಲ್ಲಿ ನಿಲ್ಲಿಸಲಿಲ್ಲ.

ಆದರೂ ಪ್ರಶ್ನೆಯನ್ನು ತಿರುಗಿಸಿ ಕೇಳಿದವರಿದ್ದರು. ಪಾಠ ಹೇಳುವಾಗ ನಾವು ವಿಲ್ಬರ್‌ಫೋರ್ಸ್ ಎಂಬ ಒಂದೇ ಹೆಸರನ್ನು ಒಪ್ಪಿಸಿ ಮುಂದೆ ಸಾಗುತ್ತೇವೆ. ಉಪಾಧ್ಯಾಯ ಬಂಧುಗಳು ಒಲೌಡಾ ಇಕ್ವಿಯಾನೊ ಎಂಬವನನ್ನೂ ಮಕ್ಕಳಿಗೆ ಪರಿಚಯಿಸಬೇಕು. ತಾನೇ ಗುಲಾಮನಾಗಿದ್ದು, ದುಡಿದು ಕೂಡಿಸಿದ ಹಣದಿಂದ ತನ್ನ ಬಿಡುಗಡೆಯನ್ನು ತಾನೇ ಕೊಂಡವನು ಆತ. ಜಾಂಗ್ ಸುದ್ದಿಯನ್ನು ಗ್ರ್ಯಾನ್‌ವಿಲ್ ಶಾರ್ಪ್‌ನ ಮನೆಗೆ ಮುಟ್ಟಿಸಿದವನು ಅವನೇ. ಶಾರ್ಪ್ ವಿಚಾರಣೆಯನ್ನು ಅಕ್ಷರಶಃ ಬರೆಯಿಸಿ, ಇದು ಕೊಲೆಯೆಂದು ನೌಕಾಧಿಕಾರಿಗಳಿಗೆ ಪತ್ರ ಬರೆದನು. ಫಲ ದೊರೆಯಲಿಲ್ಲ. ಆದರೆ ಬರಹ ಉಳಿಯಿತು. 1785ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು, ಮನುಷ್ಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ದಾಸರನ್ನಾಗಿಸುವುದು ನ್ಯಾಯವೇ ಎಂಬ ವಿಷಯದ ಮೇಲೆ ಲ್ಯಾಟಿನ್ ಪ್ರಬಂಧಸ್ಪರ್ಧೆಯನ್ನು ಏರ್ಪಡಿಸಿತು. ಅದನ್ನು ಗೆದ್ದ ಥಾಮಸ್ ಕ್ಲಾರ್ಕ್‌ಸನ್ ಬಹುಮಾನ ಪಡೆದು ಮನೆಗೆ ಹೋಗಿ ಕುಳಿತುಕೊಳ್ಳಲಿಲ್ಲ. ಜೀವಮಾನವೆಲ್ಲ ಆ ಪ್ರಶ್ನೆಗೇ ಸವೆಯಿತು. ಪ್ರಬಂಧ ಬರೆಯಿಸುವ ನಮಗೆ ಇದಕ್ಕಿಂತ ಧೈರ್ಯ ಕೊಡುವ ಕಥೆ ಬೇಕೆ?

1787ರಲ್ಲಿ ಲಂಡನ್ನಿನಲ್ಲಿ 12 ಮಂದಿ ಸೇರಿ ವ್ಯಾಪಾರವಿರೋಧಿ ಸಂಘವನ್ನು ಕಟ್ಟಿದರು. 1788ರ ಶಾಸನವು ಹಡಗಿನ ಗಾತ್ರಕ್ಕೆ ತಕ್ಕಂತೆ ಜನರ ಸಂಖ್ಯೆಗೆ ಮಿತಿಯಿಟ್ಟಿತು. ಮುಂದಿನ ಕೆಲವು ವರ್ಷಗಳಲ್ಲಿ, ಗುಲಾಮರನ್ನು ಕಡಲಿಗೆಸೆದ ನಷ್ಟಕ್ಕೆ ವಿಮೆ ದೊರೆಯದಂತೆಯೂ ಮಾಡಲಾಯಿತು. 1807ರಲ್ಲಿ ಬ್ರಿಟಿಷರ ಗುಲಾಮವ್ಯಾಪಾರ ನಿಷಿದ್ಧವಾಯಿತು. 1833ರ ಶಾಸನವು ವಸಾಹತುಗಳ ದಾಸ್ಯವನ್ನೇ ತೊಡೆಯಿತು; ಆದರೆ ಈಸ್ಟ್ ಇಂಡಿಯಾ ಕಂಪನಿಯ ನೆಲವನ್ನು ಹೊರಗಿಟ್ಟಿತು. ಕಂಪನಿಯ ಆಡಳಿತದಲ್ಲಿದ್ದ ಧಾರವಾಡ, ಬಳ್ಳಾರಿ, ಕೆನರಾ ಸೀಮೆಗಳಲ್ಲಿ ಒಡೆಯನ ಹಕ್ಕನ್ನು ಕೋರ್ಟು ಮನ್ನಿಸಬಾರದೆಂಬ ಕಾಯಿದೆ ಬಂದುದು 1843ರಲ್ಲಿ. ‘ತೊತ್ತು’ ಎಂಬ ಪದ ನಮ್ಮ ನಿಘಂಟಿನಲ್ಲಿಯೂ ಇದೆಯಷ್ಟೆ. ದೂರದ ಪಾಪವೆಂದು ನಾವು ನಿಶ್ಚಿಂತರಾಗುವಂತಿಲ್ಲ.

1833ರ ಶಾಸನವು 2 ಕೋಟಿ ಪೌಂಡುಗಳ ಪರಿಹಾರವನ್ನೂ ಗೊತ್ತುಮಾಡಿತು. ಅದು ಸಂದುದು ಒಡೆಯರಿಗೆ, ಆಸ್ತಿ ಕಳೆದುಕೊಂಡರೆಂದು. ಬಿಡುಗಡೆ ಹೊಂದಿದವರಿಗೆ ಬಿಡಿಕಾಸೂ ಇಲ್ಲ. ಅದಕ್ಕಾಗಿ ಬ್ರಿಟಿಷ್ ಸರಕಾರ ಎತ್ತಿದ ಸಾಲದ ಕೊನೆಯ ಬಾಕಿ ತೀರಿದುದು 2015ರಲ್ಲಿ.